ಎಣ್ಣೆ ಕೆಡುತ್ತಿಲ್ಲವೆಂದು ದೂರು

ನಂಜನಗೂಡು,
ಕಾರ್ತಿಕ ಮಾಸ, ೨೦೦೪

ಋತು ವಿಭಾಗದ ಮುಖ್ಯಾಧಿಕಾರಿಗಳಿಗೆ,
ಎಲ್ಲ ಋತುಗಳಿಗೂ ಒಂದೇ ಎಣ್ಣೆ ತಯಾರಿಸುವ ಕಂಪನಿ,
(ಡಬ್ಬಿಯ ಮೇಲಿನ ವಿಳಾಸ ಅಳಿಸಿಹೋಗಿರುವುದರಿಂದ ಪತ್ರಿಕೆಯ ಮೂಲಕ)

ಮಾನ್ಯರೇ,

ಇಲ್ಲಿ ನಾವೆಲ್ಲರೂ ಶ್ರೀಕಂಠೇಶ್ವರನ ದಯೆಯಿಂದ ಕ್ಷೇಮ. ತಾವೂ ತಮ್ಮ ಕುಟುಂಬದವರೂ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಸೋಸಲೆಯಲ್ಲಿರುವ ನಮ್ಮ ಭಾವನವರ ಕಾರಿನೊಳಗೆ ತಮ್ಮ ಸಿಂಥೆಟಿಕ್ ಎಣ್ಣೆಯೂ ಕಳೆದ ಶಿವರಾತ್ರಿಯಿಂದ ಅತ್ಯಂತ ಕ್ಷೇಮವಾಗಿದೆ. ನನ್ನ ದೂರು ಇರುವುದು ಈ ಕೊನೆಯ ಕ್ಷೇಮದ ಬಗ್ಗೆ.

ತಮ್ಮ ಕಂಪನಿಯಲ್ಲಿ ಋತು ವಿಭಾಗವೆಂಬುದೊಂದು ನಿಜವಾಗಿ ಇದೆಯೋ ಇಲ್ಲವೋ ನಾನರಿಯೆ. ಆದರೆ ತಾವು ಅಂಗಡಿ ಅಂಗಡಿಗೂ ಹಂಚಿರುವ ಬಣ್ಣದ ಪಟದಲ್ಲಿ ಒಂದು ಕಡೆ ಸೂರ್ಯ, ಇನ್ನೊಂದು ಕಡೆ ಹಿಮದ ಗುಡ್ಡ, ನಡುವೆ ಹಲ್ಲು ಕಿರಿಯುತ್ತಿರುವ ಒಂದು ಕಾರು, ಕೆಳಗೆ 'ಎಲ್ಲ ಋತುಗಳಿಗೂ ಒಂದೇ' ಎಂಬ ಘೋಷಣೆ ಇರುವುದನ್ನು ಕಂಡ ಮೇಲೆ, ಬೇಸಿಗೆ, ಮಳೆಗಾಲ, ಚಳಿಗಾಲ ಮೂರನ್ನೂ ಒಂದೇ ಸಹಿಯಲ್ಲಿ ರದ್ದುಪಡಿಸುವ ಅಧಿಕಾರವುಳ್ಳ ಹಿರಿಯರೊಬ್ಬರು ತಮ್ಮಲ್ಲಿ ಕುಳಿತಿರಲೇಬೇಕೆಂದು ನನಗೆ ಖಚಿತವಾಯಿತು. ಪಂಚಾಂಗ ಬರೆಯುವವರಿಗೂ ಇಷ್ಟು ಧೈರ್ಯವಿಲ್ಲ. ಅವರು ಹೆಚ್ಚೆಂದರೆ ಒಂದು ಅಧಿಕ ಮಾಸ ಸೇರಿಸಿ ಸುಮ್ಮನಾಗುತ್ತಾರೆ. ಆದ್ದರಿಂದ ಈ ಪತ್ರ ನೇರವಾಗಿ ತಮಗೇ.

ನಾನು ನಂಜನಗೂಡಿನಲ್ಲಿ ಹಿಂಡಿ ಬೂಸಾದ ಅಂಗಡಿ ಇಟ್ಟುಕೊಂಡಿರುವ ಗುರುಮಲ್ಲಪ್ಪ. ನನಗೆ ಕಾರಿಲ್ಲ. ಇರುವುದೊಂದು ಸೈಕಲ್ಲು, ಅದಕ್ಕೆ ಯಾವ ಋತುವಿನಲ್ಲಾದರೂ ಮನೆಯ ಹರಳೆಣ್ಣೆಯನ್ನೇ ಬಿಡುತ್ತೇನೆ, ಅದೂ ಇದುವರೆಗೆ ಏನೂ ಅಂದಿಲ್ಲ. ಗಿರಾಕಿಯೇ ಅಲ್ಲದವನಿಗೆ ದೂರು ಹೇಳುವ ಹಕ್ಕೆಲ್ಲಿಯದು ಎಂದು ತಾವು ಕೇಳುವುದು ನ್ಯಾಯ. ಸ್ವಾಮಿ, ನನ್ನಲ್ಲಿ ಒಂದು ಗುಂಡಿಯಿದೆ. ಅಂಗಡಿಯ ಹಿಂದೆ, ಹಿಂದೊಮ್ಮೆ ಲಾರಿ ಷೆಡ್ಡಿದ್ದ ಜಾಗದಲ್ಲಿ, ಮನುಷ್ಯ ಇಳಿದು ನಿಂತು ತಲೆಯೆತ್ತಿದರೆ ಮೇಲೆ ನಿಂತ ಗಾಡಿಯ ಹೊಟ್ಟೆ ಕೈಗೆ ಸಿಗುವಂಥ, ಕಲ್ಲು ಕಟ್ಟಿದ ಗುಂಡಿ. ಜಾಗ ಕೊಂಡಾಗ ಅದನ್ನು ಮುಚ್ಚಿಸಿಬಿಡಬೇಕೆಂದೇ ಇದ್ದೆವು. ಅಷ್ಟರಲ್ಲಿ ನನ್ನ ಅಕ್ಕ ಸರ್ವಮಂಗಳೆಯ ಯಜಮಾನರು, ಅಂದರೆ ನಮ್ಮ ಭಾವ ಮಹದೇವಸ್ವಾಮಿಯವರು, ತೊಂಬತ್ತೆರಡನೆಯ ಇಸವಿಯಲ್ಲಿ ಒಂದು ಹಳೆಯ ಕಾರು ಕೊಂಡರು. ಕಾರಿಗೆ ಎಣ್ಣೆ ಬದಲಾಯಿಸಬೇಕು, ಬದಲಾಯಿಸಲು ಗುಂಡಿ ಬೇಕು, ಗುಂಡಿ ನಂಜನಗೂಡಿನಲ್ಲಿ ಭಾಮೈದನ ಹಿತ್ತಿಲಲ್ಲಿದೆ ಎಂದು ಅವರು ತೀರ್ಮಾನಿಸಿದರು. ಸೋಸಲೆಗೆ ಕೂಗಳತೆಯ ತಿ. ನರಸೀಪುರದಲ್ಲಿ ಗ್ಯಾರೇಜುಗಳಿವೆ, ಆ ಗ್ಯಾರೇಜುಗಳಲ್ಲೂ ಗುಂಡಿಗಳಿವೆ ಎಂಬ ವಿಷಯವನ್ನು ನಮ್ಮ ಎರಡೂ ಮನೆಗಳಲ್ಲಿ ಯಾರೂ ಎಂದೂ ಎತ್ತಲಿಲ್ಲ.

ಭಾವನವರ ಬಗ್ಗೆ ಎರಡು ಮಾತು ಹೇಳದಿದ್ದರೆ ತಮಗೆ ನನ್ನ ಸಂಕಟ ಅರ್ಥವಾಗದು. ಕಬ್ಬು, ಭತ್ತ ಬೆಳೆಯುವ, ಸುಳ್ಳಾಡದ, ಮಾತೂ ಹೆಚ್ಚಾಡದ ಮನುಷ್ಯರು ಅವರು. ಅವರ ತಾಯಿ ಕೆಂಪಾಜಮ್ಮನವರು ಬದುಕಿದ್ದಾಗ ಮಗನ ಕಿವಿಯಲ್ಲಿ ಒಂದು ನಿಯಮ ಊದಿದ್ದರು: "ಹೆಣ್ ತಂದ ಮನೇಗೆ ಕೆಲ್ಸ ಇಲ್ದೆ ಓಗ್ಬಾರ್ದು ಕಣಪ್ಪ, ತೂಕ ಇಳ್ದೋಯ್ತದೆ." ಆ ತಾಯಿ ಶಿವನ ಪಾದ ಸೇರಿ ಎಷ್ಟೋ ವರ್ಷವಾಯಿತು, ಮಗನ ತೂಕ ಮಾತ್ರ ಇಂದಿಗೂ ಒಂದು ಗುಲಗಂಜಿ ಇಳಿದಿಲ್ಲ. ಹಬ್ಬಕ್ಕೆ ಕರೆದರೆ ಬರುತ್ತಾರೆ. ಆದರೆ ಕರೆಸಿಕೊಂಡು ಬಂದ ಅಳಿಯನೇ ಬೇರೆ, ಎಣ್ಣೆ ಬದಲಾಯಿಸಲು ಬಂದ ಅಳಿಯನೇ ಬೇರೆ. ಕರೆಸಿಕೊಂಡವರು ಇಸ್ತ್ರಿ ಪಂಚೆಯುಟ್ಟು, ಕುರ್ಚಿಯ ತುದಿಯಲ್ಲಿ ಕುಳಿತು, ಎರಡನೆಯ ಸಲ ಬಡಿಸಲು ಬಂದರೆ ಎಲೆಯ ಮೇಲೆ ಕೈ ಅಡ್ಡ ಹಿಡಿದು, ಎಲೆಯಡಿಕೆ ಹಾಕಿಕೊಂಡು ಹೊರಟೇಬಿಡುತ್ತಾರೆ. ಎಣ್ಣೆ ಬದಲಾಯಿಸಲು ಬಂದವರು ಪಂಚೆ ಎತ್ತಿ ಕಟ್ಟಿ, ಹಳೆಯ ಬನಿಯನ್ನಿನಲ್ಲಿ ಗುಂಡಿಗಿಳಿದು, ಕೈಯೆಲ್ಲ ಕಪ್ಪು ಮಾಡಿಕೊಂಡು, ಮೂರನೆಯ ಮುದ್ದೆಯನ್ನೂ ಕೇಳಿ ಹಾಕಿಸಿಕೊಂಡು, ಸಂಜೆ ಕಾಫಿಯಾದ ಮೇಲೂ ಏಳುವುದಿಲ್ಲ.

ಯಾಕೆಂದರೆ ಎಣ್ಣೆ ಇಳಿಯಲು ಹೊತ್ತು ಬೇಕು. ಕೊನೆಯ ಹನಿ ಬೀಳುವ ತನಕ ಹೊಸದು ಹುಯ್ಯಬಾರದೆಂಬುದು ಭಾವನವರ ಶಾಸ್ತ್ರ. ಆ ಹೊತ್ತಿನಲ್ಲಿ ಮೇಲೆ ಜಗಲಿಯಲ್ಲಿ ನಮ್ಮ ತಾಯಿ ಮಲ್ಲಾಜಮ್ಮನೂ ಅಕ್ಕನೂ ಅವರೆಕಾಯಿ ಸುಲಿಯುತ್ತಾ ಕೂರುತ್ತಾರೆ, ಕೆಳಗೆ ಗುಂಡಿಯಲ್ಲಿ ನಾವಿಬ್ಬರು ಡ್ರೇನ್ ನಟ್ಟಿನಿಂದ ಇಳಿಯುವ ಕರಿಯ ದಾರವನ್ನೇ ನೋಡುತ್ತಾ ನಿಲ್ಲುತ್ತೇವೆ. ಮುಖ ಮುಖ ನೋಡಿಕೊಂಡು ಮಾತಾಡುವ ಜನ ನಾವಲ್ಲ ಸ್ವಾಮಿ. ಹಾಗೆ ನೋಡಲು ಬೇರೇನಾದರೂ ಇದ್ದರೆ ಮಾತು ಬರುತ್ತದೆ. ಬೋರು ಕೈಕೊಟ್ಟದ್ದು, ತಮ್ಮಂದಿರೊಡನೆ ಹಿಸ್ಸೆಯ ತಕರಾರು, ಎಲ್ಲವನ್ನೂ ಭಾವ ನನಗೆ ಹೇಳಿದ್ದು ಅಲ್ಲಿ. ಅಕ್ಕನಿಗೆ ಆಪರೇಷನ್ ಆಗಬೇಕೆಂದು ಡಾಕ್ಟರು ಹೇಳಿದ್ದನ್ನೂ ಅವರು ಅಲ್ಲೇ, ಆ ನಟ್ಟನ್ನು ನೋಡುತ್ತಲೇ ಹೇಳಿದರು. ಅಂದು ಹನಿ ನಿಂತು ಬಹಳ ಹೊತ್ತಾದ ಮೇಲೂ ನಾವು ಹತ್ತಿ ಬರಲಿಲ್ಲ. ನನಗೆ ಒಡಹುಟ್ಟಿದ ಅಣ್ಣನಿಲ್ಲ. ಇದ್ದಿದ್ದರೆ ಇಷ್ಟೇ ಇರುತ್ತಿದ್ದ ಎಂದುಕೊಂಡಿದ್ದೇನೆ.

ಈಗ ಋತುಗಳ ವಿಚಾರ. ತಮ್ಮ ಸಿಂಥೆಟಿಕ್ಕಿಗೆ ಮೊದಲು ಭಾವನವರು ಹಾಕುತ್ತಿದ್ದದ್ದು ಮಾಮೂಲಿ ಎಣ್ಣೆ. ಅದರ ಡಬ್ಬಿಯ ಮೇಲೆ 'ಇಪ್ಪತ್ತು ಡಬ್ಲ್ಯೂ ನಲವತ್ತು' ಎಂದಿತ್ತು. ಇದರ ಅರ್ಥವನ್ನು ಭಾವನವರು ಡಬ್ಬಿ ತಿರುಗಿಸಿ ತಿರುಗಿಸಿ ನೋಡಿ ಕಂಡುಹಿಡಿದರು: ಡಬ್ಲ್ಯೂ ಎಂದರೆ ವೀಕು, ಇಪ್ಪತ್ತು ವೀಕಿನೊಳಗೆ ಬದಲಾಯಿಸಿದರೆ ಉತ್ತಮ, ನಲವತ್ತು ವೀಕು ದಾಟಿದರೆ ಎಂಜಿನ್ನಿನ ಕಥೆ ಮುಗಿಯಿತು. ನನಗೂ ಇದು ಸರಿಯೆನಿಸಿತು, ಯಾಕೆಂದರೆ ನಮ್ಮ ಕಾಲಗಳು ಮೂರು, ಒಂದೊಂದೂ ಇಪ್ಪತ್ತು ವಾರಕ್ಕೆ ಕೊಂಚ ಒಳಗೇ ಮುಗಿಯುತ್ತದೆ. ಹೀಗೆ ಲೆಕ್ಕಕ್ಕೂ ಪ್ರಕೃತಿಗೂ ತಾಳೆಯಾದ ಮೇಲೆ ಭಾವನವರು ಶಿವರಾತ್ರಿ ಮುಗಿದೊಡನೆ ಒಮ್ಮೆ, ಮುಂಗಾರು ಹಿಡಿದಾಗ ಒಮ್ಮೆ, ದಸರೆ ಕಳೆದ ಮೇಲೆ ಒಮ್ಮೆ ತಪ್ಪದೆ ಬಂದರು. ಚಳಿ ಕುಡಿದ ಎಣ್ಣೆ ಬಿಸಿಲಿಗಾಗದು, ಬಿಸಿಲು ಕುಡಿದದ್ದು ಮಳೆಗಾಗದು ಎಂದು ಅದಕ್ಕೊಂದು ಸಿದ್ಧಾಂತವನ್ನೂ ಕಟ್ಟಿದರು. ಹನ್ನೊಂದು ವರ್ಷ ನಮ್ಮ ಮನೆಯಲ್ಲಿ ಋತು ಬದಲಾಯಿತೆಂದು ತಿಳಿಯುತ್ತಿದ್ದದ್ದು ಆ ಕಾರಿನ ಹಾರನ್ನಿನಿಂದ.

ಹೋದ ವರ್ಷ ಹಳೆಯ ಕಾರು ಹೋಗಿ ಹೊಸದು ಬಂತು, ಅದರ ಹಿಂದೆಯೇ ತಮ್ಮ ಪಟವೂ ಬಂತು. ಈ ಸಲದ ಶಿವರಾತ್ರಿ ಮುಗಿದು ಎಣ್ಣೆ ಬದಲಾಯಿಸಲು ಬಂದಾಗ ಭಾವನವರು ಅದನ್ನು ಸುರುಳಿ ಸುತ್ತಿ ತಂದು ಜಗಲಿಯ ಮೇಲೆ ಹರಡಿದರು. ಮಾಮೂಲಿ ಎಣ್ಣೆ ಚಳಿಗೆ ಗಟ್ಟಿಯಾಗುತ್ತದೆ, ಸೆಕೆಗೆ ನೀರಾಗುತ್ತದೆ. ಸಿಂಥೆಟಿಕ್ಕು ಎರಡಕ್ಕೂ ಜಗ್ಗುವುದಿಲ್ಲ, ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಹರಿಯುತ್ತದೆ ಎಂದು ತಾವು ಅದರಲ್ಲಿ ವಿವರಿಸಿದ್ದಿರಿ. ಓದಿ ನಾವು ದಂಗಾದೆವು. ನಮ್ಮಲ್ಲಿ ಧನುರ್ಮಾಸದ ಬೆಳಗ್ಗೆ ಬಚ್ಚಲುಮನೆಯ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದರೆ ಅದೇ ಚಳಿಗಾಲ. ಸೀಸೆಯನ್ನು ಬಿಸಿಲಿಗಿಟ್ಟರೆ ಮುಗಿಯಿತು. ಆ ಚಳಿಯೂ ಶಿವರಾತ್ರಿಗೆ ಶಿವ ಶಿವಾ ಎಂದು ಓಡಿಹೋಗುತ್ತದೆ. ನಮ್ಮ ತಾಯಿ ಮಾತ್ರ ಪಟದಲ್ಲಿಲ್ಲದ ಪ್ರಶ್ನೆ ಕೇಳಿದರು: "ಅದು ಮೈಗೆ ತಂಪಾ, ಉಷ್ಣವಾ?" ಭಾವ ಪಟದ ಹಿಂಬದಿ ತಿರುಗಿಸಿ ನೋಡುತ್ತಿದ್ದಾಗ ಅಕ್ಕ ತನ್ನ ಅನುಭವ ಹೇಳಿದಳು: "ಸಿಂಥೆಟಿಕ್ ಸೀರೆ ಉಟ್ಟಿವ್ನಿ ಕಣವ್ವ, ಅರಿಯದೂ ಇಲ್ಲ, ಮಾಸದೂ ಇಲ್ಲ. ಅದ್ರ ಋಣ ತೀರ್ಸಕಾಗಲ್ಲ." ಅಂದು ನಾವೆಲ್ಲ ನಕ್ಕೆವು. ಅಕ್ಕನ ಮಾತನ್ನು ನಾವು ಇನ್ನಷ್ಟು ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ನಾನು ನಗಲು ಬೇರೆ ಕಾರಣವೂ ಇತ್ತು. ತಮ್ಮ ಡಬ್ಬಿಯ ಮೇಲೆ 'ಐದು ಡಬ್ಲ್ಯೂ ನಲವತ್ತು' ಎಂದಿತ್ತು. ಐದೇ ವೀಕು! ಇಪ್ಪತ್ತು ವಾರಕ್ಕೊಮ್ಮೆ ಬರುತ್ತಿದ್ದ ಭಾವ ಇನ್ನು ಐದು ವಾರಕ್ಕೊಮ್ಮೆ ಬರಬೇಕಾಗುತ್ತದಲ್ಲ ಎಂದು ನಾನು ಒಳಗೊಳಗೇ ತಮ್ಮ ಕಂಪನಿಗೆ ಕೈಮುಗಿದೆ. ಇಷ್ಟು ಬೇಗ ಕೆಡುವ ಎಣ್ಣೆಗೆ ಇಷ್ಟು ದೊಡ್ಡ ಪಟ ಮಾಡಿಸಿದ ತಮ್ಮ ಧೈರ್ಯವನ್ನೂ ಮೆಚ್ಚಿದೆ. ತಾಯಿಗೆ ಗುಟ್ಟಾಗಿ ಹೇಳಿದೆ. ಯುಗಾದಿ ಕಳೆದು ಐದನೆಯ ವಾರ ತುಂಬಿದಾಗ ಅವರು ರಸಬಾಳೆಯ ಗೊನೆ ತರಿಸಿ, ಅಕ್ಕನಿಗೆಂದು ಹಪ್ಪಳ ಕಟ್ಟಿಟ್ಟು, ಬೆಳಗಿನಿಂದ ಜಗಲಿಯಲ್ಲೇ ಕುಳಿತರು. ಹಣ್ಣು ಕಪ್ಪಾಯಿತು, ಕಾರು ಬರಲಿಲ್ಲ. ತಡೆಯಲಾರದೆ ಸೋಸಲೆಗೆ ಫೋನು ಮಾಡಿದೆ. ಎತ್ತಿದವಳು ಮೈಸೂರಿನಲ್ಲಿ ಬಿ.ಎಸ್ಸಿ. ಓದಿ ಮುಗಿಸಿದ ಅಕ್ಕನ ಮಗಳು ಶಿವಾನಿ. ನನ್ನ ಲೆಕ್ಕ ಕೇಳಿ ಆ ಮಗು ನಕ್ಕು ನಕ್ಕು ಸುಸ್ತಾಗಿ, "ಮಾವ, ಡಬ್ಲ್ಯೂ ಅಂದ್ರೆ ವೀಕಲ್ಲ, ವಿಂಟರ್ರು. ಚಳೀಲಿ ಎಷ್ಟು ಸಲೀಸಾಗಿ ಅರೀತದೆ ಅನ್ನೋ ನಂಬರು ಅದು. ಈ ಎಣ್ಣೆ ಒಂದ್ ವರ್ಷ ಮುಟ್ಟಂಗೇ ಇಲ್ವಂತೆ, ಅಪ್ಪಂಗೆ ಷೋರೂಮಲ್ಲಿ ಹೇಳವ್ರೆ" ಎಂದಳು. ಇಂಗ್ಲೆಂಡಿನ ಚಳಿಗಾಲ ನಮ್ಮ ಜಗಲಿಗೆ ಬಂತು ಎಂದು ತಾಯಿಗೆ ಹೇಗೆ ಹೇಳುವುದು?

ಮಾನ್ಯರೇ, ಅಲ್ಲಿಂದಾಚೆಗೆ ತಮ್ಮ ಎಣ್ಣೆ ಕೆಡಲಿಲ್ಲ. ಮುಂಗಾರು ಹಿಡಿಯಿತು, ಕೆಡಲಿಲ್ಲ. ಕಪಿಲೆಯಲ್ಲಿ ನೀರೇರಿ ಇಳಿಯಿತು, ಕೆಡಲಿಲ್ಲ. ದಸರೆಯೂ ಕಳೆಯಿತು, ತಮ್ಮ ಎಣ್ಣೆ ಸೋಸಲೆಯಲ್ಲಿ ಚಿರಂಜೀವಿಯಂತೆ ಕುಳಿತಿತ್ತು. ಅಕ್ಕ ನಡುವೆ ಒಮ್ಮೆ ಬಸ್ಸಿನಲ್ಲಿ ಬಂದಳು, ಮಂಡಿ ನೋವಿನ ಕಾಲು ಚಾಚಿ ಕುಳಿತು ನಾಲ್ಕು ಗಂಟೆಯ ಬಸ್ಸಿನ ಮೇಲೇ ಕಣ್ಣಿಟ್ಟಳು. ಅದನ್ನು ಬಂದದ್ದು ಎನ್ನಲಾಗದು. ನಾನೂ ಸೋಸಲೆಗೆ ಹೋಗಿಬಂದೆ. ಅಲ್ಲಿ ಭಾವ ಮನೆಯ ಯಜಮಾನರು, ನಾನು ಕುರ್ಚಿಯಲ್ಲಿ ಕೂರುವವನು. ಇಬ್ಬರೂ ಭತ್ತದ ಬಗ್ಗೆ ಮಾತಾಡಿ ಮುಗಿಸಿದೆವು. ಸಾಲದ್ದಕ್ಕೆ, ಇಷ್ಟು ವರ್ಷ ಗೋಡೌನಿನ ಮರದ ಅಟ್ಟಗಳಿಗೆ ಭಾವನವರ ಕಾರಿನ ಕರಿ ಎಣ್ಣೆಯನ್ನೇ ಬಳಿಯುತ್ತಿದ್ದೆ. ಈ ವರ್ಷ ಬಳಿಯಲು ಇಲ್ಲದೆ ಗೆದ್ದಲು ಹಿಡಿದು ಎರಡು ಅಟ್ಟ ಕುಸಿದವು. ತಮ್ಮ ಎಣ್ಣೆಯಿಂದ ಎಂಜಿನ್ನಿಗೆ ಆದ ಉಪಕಾರವನ್ನು ತಾವು ಪಟದಲ್ಲಿ ಬರೆದಿದ್ದೀರಿ, ಗೆದ್ದಲಿಗೆ ಆದ ಉಪಕಾರವನ್ನು ವಿನಯದಿಂದ ಬಿಟ್ಟಿದ್ದೀರಿ.

ನಮ್ಮ ತಾಯಿ ಕಡೆಗೆ ದೇವಸ್ಥಾನಕ್ಕೇ ಹೋದರು. "ಅಳಿಯಂದ್ರ ಕಾರಿನ ಎಣ್ಣೆ ಬೇಗ ಕೆಡ್ಲಪ್ಪ ನಂಜುಂಡ, ನಿನ್ನ ದೀಪಕ್ಕೆ ಎಣ್ಣೆ ತಂದ್ಕೊಡ್ತೀನಿ" ಎಂದು ಹರಕೆ ಹೊತ್ತು ಬಂದರು. ನಂಜನ್ನೇ ಕುಡಿದು ಅರಗಿಸಿಕೊಂಡವನಲ್ಲಿ ಎಣ್ಣೆ ಕೆಡಿಸು ಎಂದು ಕೇಳುವುದು ಸರಿಯಾದ ಬಾಗಿಲು ತಟ್ಟಿದಂತೆ ಆಗುತ್ತದೋ ಇಲ್ಲವೋ ಎಂಬ ಅನುಮಾನ ನನಗಿತ್ತು. ದಿನಕ್ಕೊಂದು ಸಲ "ಇನ್ನೂ ಕೆಡ್ನಿಲ್ವಾ?" ಎಂದು ಅವರು ಕೇಳುತ್ತಿದ್ದರು. ಎಂಬತ್ತು ದಾಟಿದ ಜೀವ, ಮಗಳನ್ನು ನೋಡಬೇಕೆಂದು ನೇರವಾಗಿ ಕೇಳಲು ಬಾಯಿ ಬಾರದೆ ಎಣ್ಣೆಯ ಯೋಗಕ್ಷೇಮ ವಿಚಾರಿಸುತ್ತಿತ್ತು. ಅದನ್ನು ಕೇಳಿಸಿಕೊಂಡು ಬೂಸಾ ತೂಗುವುದು ನನಗೆ ಬಹಳ ಕಷ್ಟವಾಯಿತು.

ಆದ್ದರಿಂದ ತಮ್ಮ ಅಮೃತಹಸ್ತದಿಂದ ಈ ಕೆಲವು ಉಪಕಾರಗಳಾಗಬೇಕೆಂದು ಬೇಡುತ್ತೇನೆ. ತಮ್ಮಲ್ಲಿ ಮೂವತ್ತು ಡಿಗ್ರಿಯ ಆ ಚಳಿಗಾಲ ದಾಸ್ತಾನಿದ್ದರೆ ನಂಜನಗೂಡು ತಾಲ್ಲೂಕಿಗೆ ಒಂದು ವಾರದ ಮಟ್ಟಿಗೆ ಕಳುಹಿಸಿಕೊಡಿ. ತಮ್ಮ ಎಣ್ಣೆಯ ಯೋಗ್ಯತೆಯೂ ತಿಳಿದೀತು, ಗೆದ್ದಲೂ ಸತ್ತೀತು. ಪಟದಲ್ಲಿ ಸೂರ್ಯ, ಹಿಮದ ಜತೆಗೆ ನಮ್ಮ ಆರಿದ್ರಾ ಮಳೆ, ಹಸ್ತ ಚಿತ್ತಾ ಮಳೆಗಳಿಗೂ ಒಂದೊಂದು ಮನೆ ಕೊರೆಯಿಸಿ, ಒಂದೊಂದಕ್ಕೂ ಬೇರೆ ಬೇರೆ ಎಣ್ಣೆ ಕಡ್ಡಾಯವೆಂದು ಬರೆಸಿ. ಅದಾಗದಿದ್ದರೆ, ಇಷ್ಟೆಲ್ಲ ಬಲ್ಲ ತಮ್ಮ ವಿಜ್ಞಾನಿಗಳು ಶಿವರಾತ್ರಿಯ ಮರುದಿನ, ಮುಂಗಾರಿನ ಮೊದಲ ಮಳೆಗೆ ಮತ್ತು ಆಯುಧಪೂಜೆ ಮುಗಿದೊಡನೆ ತಾನಾಗಿ ಕೆಟ್ಟುಹೋಗುವ ಒಂದು ಎಣ್ಣೆಯನ್ನು ಕಂಡುಹಿಡಿಯಲಿ. ಎಂಜಿನ್ನಿಗೆ ಅದರಿಂದ ಏನೂ ಆಗಬಾರದು, ಬಣ್ಣ ಮಾತ್ರ ಕಪ್ಪಾಗಬೇಕು. ಹೆಸರು ಬೇಕಿದ್ದರೆ 'ಅಳಿಯ' ಎಂದಿಡಬಹುದು.

ಇಷ್ಟು ಬರೆದು ಅಂಚೆಗೆ ಹಾಕಬೇಕೆನ್ನುವಷ್ಟರಲ್ಲಿ, ಹೋದ ಸೋಮವಾರ, ಅಂಗಡಿಯ ಹಿಂದೆ ಹಾರನ್ನು ಕೇಳಿಸಿತು. 'ಮುಟ್ಟಬಾರದ' ವರ್ಷ ತುಂಬಲು ಇನ್ನೂ ಮೂರು ತಿಂಗಳಿತ್ತು. ಭಾವ ಅಕ್ಕನನ್ನು ಜಗಲಿಯ ಬಳಿ ಇಳಿಸಿ, ಕಾರನ್ನು ಗುಂಡಿಯ ಮೇಲೆ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ ಪಂಚೆ ಎತ್ತಿ ಕಟ್ಟಿದರು. "ಎಣ್ಣೆ ಯಾಕೋ ಕೆಟ್ಟಂಗದೆ, ನೋಡವಾ ಅಂತ ಬಂದೆ" ಎಂದರು. ಇಬ್ಬರೂ ಇಳಿದೆವು. ನಟ್ಟು ಬಿಚ್ಚಿದರು. ಸ್ವಾಮಿ, ತಮ್ಮ ಎಣ್ಣೆ ಹೊರಗೆ ಬಂತು. ಹೊಲಕ್ಕೂ ಬನ್ನೂರಿನ ಸಂತೆಗೂ ಬಿಟ್ಟರೆ ಎಲ್ಲೂ ಹೋಗದ ಆ ಕಾರಿನಿಂದ ಅದು ಆಲೆಮನೆಯ ಕೊಪ್ಪರಿಗೆಯ ಪಾಕದ ಹಾಗೆ, ತಿಳಿಯಾಗಿ, ಹೊಂಬಣ್ಣಕ್ಕೆ ಹೊಳೆಯುತ್ತಾ ಇಳಿಯಿತು. ಅದರಲ್ಲಿ ಮುಖ ನೋಡಿಕೊಳ್ಳಬಹುದಿತ್ತು. ಭಾವ ಬಹಳ ಹೊತ್ತು ನೋಡಿದರು.

"ಕೆಟ್ಟೋಗದೆ ಕಣಪ್ಪ" ಎಂದರು.

ನಾನೂ ಬಗ್ಗಿ ನೋಡಿ, ಬೆರಳಿಗೆ ಮುಟ್ಟಿಸಿ ಉಜ್ಜಿ, "ಪೂರಾ ಕೆಟ್ಟೋಗದೆ ಭಾವ" ಎಂದೆ.

ಆಮೇಲೆ ಅವರು ಆ ಧಾರೆಯನ್ನೇ ನೋಡುತ್ತಾ ಮಾತು ತೆಗೆದರು. ಶಿವಾನಿಗೆ ಬನ್ನೂರಿನಿಂದ ಸಂಬಂಧ ಕೇಳಿಬಂದಿದೆಯಂತೆ. ಹುಡುಗ ಒಳ್ಳೆಯವನಂತೆ, ಆದರೆ ಮಗಳು ಇನ್ನೂ ಓದುತ್ತೇನೆ ಎನ್ನುತ್ತಿದ್ದಾಳಂತೆ, ಅಕ್ಕ ಯಾವ ಕಡೆಗೂ ಹೇಳುತ್ತಿಲ್ಲವಂತೆ. "ನೀನು ಸೋದರಮಾವ, ನಿನ್ ಕೇಳ್ದೆ ನಾನೇನ್ ಹೇಳನಪ್ಪ? ತಿಂಗ್ಳಿಂದ ಇದೇ ಕೊರೀತಾ ಅದೆ" ಎಂದರು. ಓದಲಿ ಬಿಡಿ ಭಾವ, ಹುಡುಗ ಒಳ್ಳೆಯವನಾದರೆ ಕಾಯುತ್ತಾನೆ ಎಂದೆ. ಅವರು ತಲೆಯಾಡಿಸಿದರು, ಕೊನೆಯ ಹನಿಯೂ ಬಿತ್ತು. ಮೇಲೆ ಜಗಲಿಯಿಂದ ನಮ್ಮ ತಾಯಿ ಬಹಳ ದಿನದ ಮೇಲೆ ನಕ್ಕದ್ದು ಕೇಳಿಸಿತು.

ಊಟವಾದ ಮೇಲೆ ಹೊಸ ಎಣ್ಣೆಯ ಡಬ್ಬಿ ತೆಗೆಯೋಣವೆಂದು ನಾನು ಡಿಕ್ಕಿ ಎತ್ತಿದೆ. ಒಳಗೆ ಎರಡು ಅಚ್ಚು ಬೆಲ್ಲ, ಒಂದು ಕಂತೆ ಕಬ್ಬು, ನಾಲ್ಕು ದಿನಕ್ಕಾಗುವಷ್ಟು ಬಟ್ಟೆ ತುಂಬಿದ ಅಕ್ಕನ ಬ್ಯಾಗು ಇದ್ದವು. ಡಬ್ಬಿ ಇರಲಿಲ್ಲ. ಭಾವ ಬಂದು ಪಕ್ಕದಲ್ಲಿ ನಿಂತು ಡಿಕ್ಕಿಯ ಮುಚ್ಚಳವನ್ನು ಪರೀಕ್ಷಿಸತೊಡಗಿದರು. ನಾನು ಎದುರಿನ ಗೋಡೆಯನ್ನು ಪರೀಕ್ಷಿಸಿದೆ. ಜಗಲಿಯ ಮೇಲಿಂದ ನಮ್ಮ ತಾಯಿ ಇಬ್ಬರನ್ನೂ ಸ್ವಲ್ಪ ಹೊತ್ತು ನೋಡಿ, "ನನ್ನ ಅಳೇ ಸೀರೆ ಒಂದದೆ, ಸೋಸಿ ಅದ್ನೇ ಉಯ್ರಪ್ಪ" ಎಂದರು. ಸೋಸಿದೆವು, ಅದೇ ಎಣ್ಣೆಯನ್ನು ಅದೇ ಎಂಜಿನ್ನಿಗೆ, ಒಂದು ಹನಿ ಚೆಲ್ಲದಂತೆ ಹುಯ್ದೆವು. ಭಾವ ಗಾಡಿ ಸ್ಟಾರ್ಟ್ ಮಾಡಿ, ಬಾನೆಟ್ಟಿಗೆ ಕಿವಿಗೊಟ್ಟು ಕೇಳಿ, "ಈಗ ನೋಡು, ಸದ್ದೇ ಬೇರೆ ಆಯ್ತು" ಎಂದರು. ಹೌದೆಂದೆ.

ಮಾನ್ಯರೇ, ಕೋರಿಕೆಗಳನ್ನು ತಾವು ಈಡೇರಿಸದಿದ್ದರೂ ಇನ್ನು ಹೇಗೋ ನಡೆದೀತು. ಆದರೆ ಅರವತ್ತು ವರ್ಷ ಸುಳ್ಳಾಡದೆ ಬಾಳಿದ ಮನುಷ್ಯರೊಬ್ಬರು ತಮ್ಮ ಎಣ್ಣೆ ಒಳ್ಳೆಯದಾಗಿದ್ದ ಒಂದೇ ಕಾರಣಕ್ಕೆ ಒಂದು ಗುಂಡಿಯೊಳಗೆ ನಿಂತು ಮೊದಲ ಸುಳ್ಳು ಹೇಳಬೇಕಾಯಿತು. ಇದರ ಪಾಪವನ್ನು ತಾವು ಯಾವ ಋತುವಿನ ಖಾತೆಗೆ ಹಾಕುತ್ತೀರೋ ತಿಳಿಸಿದರೆ ಉಪಕಾರವಾಗುತ್ತದೆ.

ಇಂತು,
ಚಳಿಗೆ ಗಟ್ಟಿಯಾಗಿ ಸೆಕೆಗೆ ನೀರಾಗುವ ತಮ್ಮ ವಿಶ್ವಾಸಿ,
ಹಿಂಡಿ ಬೂಸಾ ಗುರುಮಲ್ಲಪ್ಪ

ತಾ.ಕ.: ನಿನ್ನೆ ತಮ್ಮ ಕಂಪನಿಯ ಪ್ರತಿನಿಧಿಯೊಬ್ಬರು ಟೈ ಕಟ್ಟಿಕೊಂಡು ನಮ್ಮ ಅಂಗಡಿಗೆ ಬಂದು, ಎರಡು ವರ್ಷವಾದರೂ ಕೆಡದ ಹೊಸ ಎಣ್ಣೆ ಬರಲಿದೆಯೆಂದೂ, ಅದನ್ನು ತೋರಿಸಲು ಸೋಸಲೆಯ ಮಹದೇವಸ್ವಾಮಿಯವರ ಮನೆಗೆ ಹೋಗಬೇಕೆಂದೂ ದಾರಿ ಕೇಳಿದರು. ಮಜ್ಜಿಗೆ ಕೊಟ್ಟು, ಉಪಚರಿಸಿ, ಸೋಸಲೆಗೆ ಬೆನ್ನು ಮಾಡಿ ಹೋಗುವ ಗುಂಡ್ಲುಪೇಟೆಯ ಬಸ್ಸು ಹತ್ತಿಸಿದ್ದೇನೆ. ಇನ್ನೂ ಹಿಂತಿರುಗಿರದಿದ್ದರೆ ಗಾಬರಿಯಾಗಬೇಡಿ, ಆ ಕಡೆ ಹವಾ ಬಹಳ ಚೆನ್ನಾಗಿದೆ.